ಅಂಬಾಸಿಡರ್, ಪದ್ಮಿನಿಗೆ ಯಾವ ಟೈರ್: ನೈಲಾನೋ, ರೇಡಿಯಲ್ಲೋ?

ಹಳೇ ಅಂಬಾಸಿಡರ್ ಅಥವಾ ಪದ್ಮಿನಿಗೆ ಟೈರ್ ಬದಲಿಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಗಾಡಿ ಓಡಿಸುತ್ತೀರಾ, ಇಲ್ಲಾ ಶೋಗೆ ಮಾತ್ರ ತೆಗೆಯುತ್ತೀರಾ? ಓಡಿಸುವವರಿಗೆ ನನ್ನ ಸಲಹೆ ರೇಡಿಯಲ್. ವರ್ಷಕ್ಕೆ ಎರಡು ಸಲ ಶೋಗೆ ಹೋಗುವ ಗಾಡಿ, ಎಲ್ಲವೂ ಕಂಪನಿಯಿಂದ ಬಂದ ಹಾಗೇ ಇರಬೇಕು ಅನ್ನುವವರಿಗೆ ನೈಲಾನ್. ಆದರೆ ಬರೀ ರೇಡಿಯಲ್ ಅಂತ ತೀರ್ಮಾನ ಮಾಡಿದರೆ ಸಾಲದು, ಅಳತೆ ಸರಿ ಇರಬೇಕು. ಜನ ಜಾಸ್ತಿ ಎಡವುವುದು ಅಲ್ಲೇ.

ಪಂಕ್ಚರ್ ಅಂಗಡಿಯಲ್ಲಿ ನೈಲಾನ್ ಟೈರ್ ಅನ್ನುವುದು ಕ್ರಾಸ್ ಪ್ಲೈ ಟೈರಿಗೆ. ಅದರೊಳಗಿನ ದಾರದ ಪದರಗಳು ಓರೆಯಾಗಿ, ಒಂದು ಆ ಕಡೆಗೆ ಇನ್ನೊಂದು ಈ ಕಡೆಗೆ ಕೂತಿರುತ್ತವೆ. ಪಕ್ಕದ ಗೋಡೆ, ಟ್ರೆಡ್ (ರಸ್ತೆಗೆ ತಾಗುವ ಭಾಗ) ಎಲ್ಲಾ ಒಂದೇ ಮೈ. ಗೋಡೆ ಬಗ್ಗಿದರೆ ಟ್ರೆಡ್ಡೂ ಅದರ ಜೊತೆ ಬಗ್ಗುತ್ತದೆ, ತಿರುವಿನಲ್ಲಿ ಒಂದು ಅಂಚು ಮೇಲೇಳುತ್ತದೆ. ರೇಡಿಯಲ್‌ನಲ್ಲಿ ದಾರ ಒಂದು ಅಂಚಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗುತ್ತದೆ, ಟ್ರೆಡ್ ಕೆಳಗೆ ಸ್ಟೀಲ್ ಬೆಲ್ಟ್ ಇರುತ್ತದೆ. ಗೋಡೆ ಎಷ್ಟೇ ಬಗ್ಗಿದರೂ ಟ್ರೆಡ್ ರಸ್ತೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಮಿಶೆಲಿನ್ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1946ರಲ್ಲಿ. ಆದರೆ ನಮ್ಮ ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್, ಪದ್ಮಿನಿಯ ಮೂಲವಾದ ಫಿಯಟ್ 1100, ಎರಡೂ ಕ್ರಾಸ್ ಪ್ಲೈ ನಂಬಿಕೊಂಡು ಮಾಡಿದ ಗಾಡಿಗಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓಡಿಸುವಾಗ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಯಲ್ಲಿ ನೈಲಾನ್ ಟೈರಿನ ಗಾಡಿ ಓಡಿಸಿ ನೋಡಿ. ಕಾಂಕ್ರೀಟಿನ ಉದ್ದ ಗೆರೆ ಚಕ್ರಕ್ಕೆ ಸಿಕ್ಕಿದರೆ ಗಾಡಿ ಆ ಗೆರೆಯನ್ನೇ ಹಿಡಿದು ಹೋಗಲು ನೋಡುತ್ತದೆ, ಸ್ಟೀರಿಂಗ್ ಕೈಯಲ್ಲಿ ಸಣ್ಣಗೆ ಎಳೆಯುತ್ತದೆ, ನೀವು ಸುಮ್ನೆ ಸರಿಪಡಿಸುತ್ತಲೇ ಇರಬೇಕು. ಇನ್ನೊಂದು, ರಾತ್ರಿಯೆಲ್ಲ ನಿಂತ ಟೈರಿನ ಅಡಿ ಭಾಗ ಚಪ್ಪಟೆಯಾಗಿ, ಬೆಳಿಗ್ಗೆ ಹೊರಟ ಕೂಡಲೇ ಡಬ್ ಡಬ್ ಅಂತ ಕುಲುಕುತ್ತದೆ. ಗಾಬರಿ ಬೇಡ, ಟೈರ್ ಬಿಸಿಯಾದ ಮೇಲೆ ಹೋಗುತ್ತದೆ. ಮೈಸೂರು ಹೈವೇಯಲ್ಲಿ ದೂರ ಓಡಿದರೆ ನೈಲಾನ್ ರೇಡಿಯಲ್‌ಗಿಂತ ಬೇಗ ಕಾಯುತ್ತದೆ, ಯಾಕೆಂದರೆ ಪದರಗಳು ಒಂದಕ್ಕೊಂದು ಉಜ್ಜುತ್ತಿರುತ್ತವೆ. ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ, ಬ್ರೇಕ್ ಒತ್ತಿದಾಗ, ರೇಡಿಯಲ್ ಕೊಡುವ ಧೈರ್ಯವೇ ಬೇರೆ.

ಹಾಗಂತ ನೈಲಾನ್ ಕೆಟ್ಟದ್ದಲ್ಲ. ಅದು ಜಾರುವ ಮುಂಚೆ ಮೆಲ್ಲಗೆ ಸುಳಿವು ಕೊಡುತ್ತದೆ. ರೇಡಿಯಲ್ ಗಟ್ಟಿಯಾಗಿ ಹಿಡಿದುಕೊಂಡಿದ್ದು ಬಿಡುವಾಗ ಸ್ವಲ್ಪ ಒಮ್ಮೆಗೇ ಬಿಡುತ್ತದೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ದಾರಿಯಲ್ಲಿ ಓಡುವ ಹಳೇ ಜೀಪಿಗೆ ನಾನು ಈಗಲೂ ನೈಲಾನೇ ಹೇಳುವುದು, ಅದರ ಪಕ್ಕದ ಗೋಡೆ ದಪ್ಪ, ಚೂಪು ಕಲ್ಲು ತಡೆಯುತ್ತದೆ. ಆದರೆ ಅಲ್ಲಿ ಒಂದು ಎಚ್ಚರಿಕೆ: ಜೀಪಿನ 6.00-16 ಅಳತೆಯಲ್ಲೇ ಟ್ರ್ಯಾಕ್ಟರ್ ಮುಂದಿನ ಚಕ್ರದ ಟೈರೂ ಸಿಗುತ್ತದೆ. ಅದು ಗದ್ದೆಯ ನಿಧಾನ ಓಟಕ್ಕೆ ಮಾಡಿದ್ದು. ಅಗ್ಗ ಅಂತ ಜೀಪಿಗೆ ಹಾಕಬೇಡಿ.

ಈಗ ಅಳತೆ. ಅಂಬಾಸಿಡರ್‌ನ ಹಳೇ ಅಳತೆ 5.90-15, ಪದ್ಮಿನಿಯದು 5.20-14. ಮೊದಲ ಅಂಕಿ ಟೈರಿನ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲಿ. ಆ ಕಾಲದ ಕ್ರಾಸ್ ಪ್ಲೈಗಳ ಗೋಡೆಯ ಎತ್ತರ ಹೆಚ್ಚುಕಡಿಮೆ ಅಗಲದ ಶೇ. 95. ಹಾಗಾಗಿ 5.20-14ರ ಒಟ್ಟು ಎತ್ತರ ಸುಮಾರು 607 ಮಿ.ಮೀ. ಸ್ವಿಫ್ಟ್‌ಗೆ ಬರುತ್ತಿದ್ದ 165/80 ಆರ್14 (165 ಮಿ.ಮೀ. ಅಗಲ, ಅದರ ಶೇ. 80 ಗೋಡೆಯ ಎತ್ತರ, ಆರ್ ಅಂದರೆ ರೇಡಿಯಲ್) ಲೆಕ್ಕ ಹಾಕಿ: 165ರ ಶೇ. 80 ಅಂದರೆ 132, ಎರಡು ಕಡೆಗೆ 264, ರಿಮ್ಮಿನ 356 ಸೇರಿಸಿದರೆ 620. ಶೇ. 2ರಷ್ಟು ಎತ್ತರ ಜಾಸ್ತಿ, ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ, ತೊಂದರೆ ಇಲ್ಲ. 5.90-15ಕ್ಕೆ ಇದೇ ಲೆಕ್ಕದಲ್ಲಿ ಸುಮಾರು 666 ಬರುತ್ತದೆ, 175/80 ಆರ್15 ಹಾಕಿದರೆ 661. ಗಾಡಿ ಗತ್ತಾಗಿ ಕಾಣಲಿ ಅಂತ 195, 205 ಅಗಲಕ್ಕೆ ಹೋಗಬೇಡಿ, ದಯವಿಟ್ಟು. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಪಾರ್ಕಿಂಗ್ ಮಾಡುವಾಗ ತೋಳು ಬಿದ್ದು ಹೋಗುತ್ತದೆ, ಕಿರಿದಾದ ರಿಮ್ಮಿನಲ್ಲಿ ಅಗಲ ಟೈರ್ ಉಬ್ಬಿ ಕೂರುತ್ತದೆ, ಅದರ ಲಾಭವೂ ಸಿಗುವುದಿಲ್ಲ. ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ಒಳ ಅಗಲ ಅಳೆದು, ಆ ಟೈರಿಗೆ ಕಂಪನಿ ಹೇಳುವ ಮಿತಿಯೊಳಗೆ ಇದೆಯಾ ನೋಡಿ. ಲೋಡ್ ಇಂಡೆಕ್ಸನ್ನೂ (ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಸಂಖ್ಯೆ) ನೋಡಿ, ಅಂಬಾಸಿಡರ್ ಹಿಂದೆ ಮೂವರು ಕೂತು ಡಿಕ್ಕಿ ತುಂಬಿದರೆ ಭಾರ ಕಡಿಮೆ ಏನಲ್ಲ.

ರಿಮ್ ಬಿಚ್ಚಿದಾಗ ಒಂದು ಕೆಲಸ ಖಂಡಿತ ಮಾಡಿ. ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ನಟ್ ಕೂರುವ ತೂತುಗಳ ಸುತ್ತ, ನಡುವಿನ ತಟ್ಟೆ ರಿಮ್ಮಿಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿನಲ್ಲಿ ನೋಡಿ. ರೇಡಿಯಲ್ ಹೆಚ್ಚು ಹಿಡಿಯುತ್ತದೆ, ಆ ಬಲವೆಲ್ಲ ಬೀಳುವುದು ರಿಮ್ಮಿಗೆ, ಬೇರಿಂಗಿಗೆ, ಬುಷ್‌ಗಳಿಗೆ. ಬಿರುಕಿದ್ದ ರಿಮ್ಮಿಗೆ ವೆಲ್ಡಿಂಗ್ ಬೇಡ, ಬೇರೆ ರಿಮ್ ಹುಡುಕಿ. ಹಳೇ ರಿಮ್ಮಿನ ಒಳಗೆ ಟ್ಯೂಬ್‌ಲೆಸ್‌ಗೆ ಬೇಕಾದ ಉಬ್ಬು ಇಲ್ಲದಿದ್ದರೆ ಟ್ಯೂಬ್ ಹಾಕಿಯೇ ಓಡಿಸಿ, ಅದೂ ರೇಡಿಯಲ್ ಟ್ಯೂಬ್.

ತಯಾರಾದ ದಿನಾಂಕ ನೋಡದೆ ದುಡ್ಡು ಕೊಡಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ. ಹಳೇ ಅಳತೆಯ ಟೈರುಗಳು ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ, ಟ್ರೆಡ್ ಹೊಸದಾಗೇ ಕಾಣುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಹೊರದೇಶದಿಂದ ತರಿಸುವ ಯೋಚನೆ ಇದ್ದರೆ, 2020ರಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ನಿರ್ಬಂಧ ಹಾಕಿತ್ತು, ಆರ್ಡರ್ ಮಾಡುವ ಮೊದಲು ಈಗಿನ ನಿಯಮ ವಿಚಾರಿಸಿಕೊಳ್ಳಿ.

ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ಮೂವರನ್ನು ಕೂರಿಸಿ, ಎಲ್ಲಾದರೂ ತಾಗುತ್ತದಾ ನೋಡಿ. ಅಲೈನ್‌ಮೆಂಟ್ ಮಾಡಿಸುವಾಗ ಗಾಡಿಯ ಹಳೇ ಪುಸ್ತಕದ ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ನೈಲಾನಿಗೆ ಹೇಳಿದ್ದು, ರೇಡಿಯಲ್‌ಗೆ ಅದಕ್ಕಿಂತ ಕಡಿಮೆ ಸಾಕು ಅಂತ ಮೊದಲೇ ಹೇಳಿ. ಗಾಳಿಯೂ ಹಾಗೇ. ಪುಸ್ತಕದ ಒತ್ತಡಕ್ಕಿಂತ 2-3 ಪಿಎಸ್‌ಐ ಜಾಸ್ತಿಯಿಂದ ಶುರು ಮಾಡಿ, ಟೈರ್ ಮೇಲೆ ಬರೆದ ಮಿತಿ ದಾಟಬೇಡಿ. ರೇಡಿಯಲ್‌ನ ಹೊಟ್ಟೆ ಸ್ವಲ್ಪ ಉಬ್ಬಿರುವುದು ಸಹಜ, ಅದನ್ನು ನೋಡಿ ಗಾಳಿ ತುಂಬುತ್ತಾ ಹೋಗಬೇಡಿ, ಗೇಜ್ ನಂಬಿ.

ಎರಡು ರೇಡಿಯಲ್, ಎರಡು ನೈಲಾನ್ ಅನ್ನುವ ಉಳಿತಾಯ ಬೇಡವೇ ಬೇಡ. ಅದರಲ್ಲೂ ಮುಂದೆ ರೇಡಿಯಲ್, ಹಿಂದೆ ನೈಲಾನ್ ಇದ್ದರೆ ಒದ್ದೆ ತಿರುವಿನಲ್ಲಿ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಗಾಡಿ ಸುತ್ತಿಬಿಡುತ್ತದೆ. ಹಾಗಾಗಿ ನಾಲ್ಕಲ್ಲ, ಐದು ಟೈರ್ ತಗೊಳ್ಳಿ, ಸ್ಟೆಪ್ನಿಗೂ ಸೇರಿಸಿ. ಸದ್ಯಕ್ಕೆ ದುಡ್ಡು ಹೊಂದದೆ ಡಿಕ್ಕಿಯಲ್ಲಿ ಹಳೇ ನೈಲಾನೇ ಇದ್ದರೆ, ಅದನ್ನು ಹಾಕಿಕೊಂಡು ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಹೋಗಿ, ಅಲ್ಲಿಂದ ಮುಂದೆ ಬೇಡ.