ಎರಡು ಆರೋಗ್ಯ ವಿಮೆ ಇರುವ ಯುವಜನರು ಚಿಕಿತ್ಸೆಯ ಗೋಪ್ಯತೆ ಕಾಪಾಡಿಕೊಳ್ಳುವುದು ಹೇಗೆ?

ಕೊಡಗಿನಿಂದ ಬೆಂಗಳೂರು, ಮೈಸೂರುಗಳಿಗೆ ಹೋಗಿ ಕೆಲಸಕ್ಕೆ ಸೇರಿದ ಯುವಕ ಯುವತಿಯರಲ್ಲಿ ಅನೇಕರಿಗೆ ತಮ್ಮ ಹೆಸರಿನಲ್ಲಿ ಎರಡು ಆರೋಗ್ಯ ವಿಮೆಗಳಿರುವುದೇ ತಿಳಿದಿರುವುದಿಲ್ಲ. ಕಂಪನಿಯ ಗುಂಪು ವಿಮೆ ಒಂದಾದರೆ, ತಂದೆ ಮಾಡಿಸಿದ ಕುಟುಂಬ ಫ್ಲೋಟರ್ ಪಾಲಿಸಿ, ಅಂದರೆ ಒಂದೇ ಮೊತ್ತ ಇಡೀ ಕುಟುಂಬಕ್ಕೆ ಅನ್ವಯಿಸುವ ವಿಮೆ, ಇನ್ನೊಂದು. ಇದರಲ್ಲಿ ಮಕ್ಕಳ ಹೆಸರು ಸಾಮಾನ್ಯವಾಗಿ 25 ವರ್ಷದವರೆಗೆ ಮುಂದುವರಿಯುತ್ತದೆ. ಆಸ್ಪತ್ರೆಯೊಂದರ ವಿಮೆ ಕೌಂಟರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ ನಾನು, ಈ ಎರಡರಲ್ಲಿ ತಪ್ಪು ಕಾರ್ಡನ್ನು ಮುಂದಿಟ್ಟು ಸಂಕಟಕ್ಕೆ ಸಿಲುಕಿದವರನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದು ಮಳೆಗಾಲದಲ್ಲಿ ದಾಖಲಾದ ಯುವತಿಯೊಬ್ಬಳು ರೂಢಿಯಂತೆ ತಂದೆಯ ಪಾಲಿಸಿಯ ಕಾರ್ಡನ್ನೇ ಕೊಟ್ಟಿದ್ದಳು. ತಂದೆ ಇದ್ದ ತೋಟದಲ್ಲಿ ನೆಟ್‌ವರ್ಕ್ ಇರಲಿಲ್ಲ. ಸಂಜೆ ತಂದೆ ಗೋಣಿಕೊಪ್ಪಕ್ಕೆ ಬಂದೊಡನೆ ಮಗಳ ಹೆಸರು, ಆಸ್ಪತ್ರೆಯ ಹೆಸರು, ಮಂಜೂರಾದ ಮೊತ್ತ ಇರುವ ಸಂದೇಶಗಳು ಒಟ್ಟಿಗೆ ಅವರ ಫೋನಿಗೆ ಬಂದವು. "ಮೇಡಂ, ನನ್ನ ಮಗಳಿಗೆ ಏನಾಗಿದೆ ಹೇಳಿ" ಎಂದು ಕೌಂಟರಿಗೆ ಕರೆ ಮಾಡಿದ ಅವರಿಗೆ ನಾನು ಉತ್ತರ ಕೊಡುವಂತಿರಲಿಲ್ಲ. ಅವಳು ಯಾರಿಗೆ, ಯಾವಾಗ ಹೇಳಬೇಕೆಂದುಕೊಂಡಿದ್ದಳೋ ಆ ಅವಕಾಶ ಅವಳ ಕೈತಪ್ಪಿತ್ತು.

18 ವರ್ಷ ತುಂಬಿದವರ ಚಿಕಿತ್ಸೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ವೈದ್ಯರು ತಂದೆತಾಯಿಗೂ ಹೇಳುವಂತಿಲ್ಲ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರ 23ನೇ ಕಲಂ ಮಾನಸಿಕ ಆರೋಗ್ಯದ ಚಿಕಿತ್ಸೆಯಲ್ಲಿ ಗೋಪ್ಯತೆಯ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಅದೇ ವರ್ಷದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ರೋಗಿಯ ಗೋಪ್ಯತೆಯನ್ನು ರಕ್ಷಿಸುತ್ತದೆ. ಆದರೆ ವಿಮೆ ಒಂದು ಒಪ್ಪಂದ. ಫ್ಲೋಟರ್ ಪಾಲಿಸಿಯಲ್ಲಿ ಆ ಒಪ್ಪಂದ ಮಾಡಿಕೊಂಡವರು ತಂದೆಯಾದ್ದರಿಂದ, ಕ್ಲೇಮಿನ ಸಂದೇಶ, ಇಮೇಲ್, ಪತ್ರಗಳೆಲ್ಲ ಅವರಿಗೇ ಹೋಗುತ್ತವೆ. ವೈದ್ಯರು ಬಾಯಿ ಬಿಡದಿದ್ದರೂ ವಿಷಯ ಮನೆ ತಲುಪುವುದು ಹೀಗೆ.

ಆದ್ದರಿಂದ ಆರೋಗ್ಯವಾಗಿರುವಾಗಲೇ ಎರಡೂ ಪಾಲಿಸಿಗಳ ಪ್ರತಿ ತೆಗೆದಿಟ್ಟುಕೊಂಡು, ಯಾವುದರಲ್ಲಿ ಯಾರ ಮೊಬೈಲ್ ಸಂಖ್ಯೆ ನೋಂದಣಿಯಾಗಿದೆ ಎಂದು ನೋಡಿಕೊಳ್ಳಿ.

ಎರಡನೆಯದಾಗಿ, ಕಂಪನಿಯ ಪಾಲಿಸಿಗೆ ನಿಮ್ಮ ಸ್ವಂತ ಸಂಖ್ಯೆಯನ್ನೂ ಸ್ವಂತ ಇಮೇಲನ್ನೂ ಕೊಡಿ. ಕಚೇರಿಯ ಇಮೇಲ್ ಬೇಡ. ಅದೇ ಪಾಲಿಸಿಯಲ್ಲಿ ತಂದೆತಾಯಿಯನ್ನೂ ಸೇರಿಸಿದ್ದು, ಅವರ ಅನುಕೂಲಕ್ಕೆಂದು ವಿಮೆಯ ಆ್ಯಪಿನ ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಬದಲಿಸಿ, ಅವರ ಕ್ಲೇಮುಗಳನ್ನು ನೀವೇ ಹಾಕಿಕೊಡಿ. ಎಲ್ಲ ಪಾಲಿಸಿಗಳನ್ನೂ ಒಂದೇ ಕಡೆ ತೋರಿಸುತ್ತೇವೆಂದು ಫೋನಿನ ಸಂದೇಶಗಳನ್ನು ಓದಲು ಅನುಮತಿ ಕೇಳುವ ಆ್ಯಪ್‌ಗಳನ್ನು ಹಾಕಿಕೊಳ್ಳಲೇಬೇಡಿ.

ಹೆಚ್ಚಿನವರು ಎಡವುವುದು ದಾಖಲಾಗುವ ಹೊತ್ತಿನಲ್ಲಿ. ಎರಡು ಪಾಲಿಸಿಗಳಿದ್ದರೆ ಯಾವುದರಿಂದ ಕ್ಲೇಮ್ ಪಡೆಯಬೇಕೆಂದು ಆರಿಸುವ ಹಕ್ಕು ನಿಮ್ಮದು. ಕೌಂಟರಿನವರು ಎರಡೂ ಕಾರ್ಡ್ ಕೇಳಿದರೂ ಕಂಪನಿಯದನ್ನು ಮಾತ್ರ ಕೊಟ್ಟು, ಕ್ಲೇಮ್ ಇದರಿಂದ ಮಾತ್ರ ಎಂದು ಹೇಳಿ. ನಗದುರಹಿತ ಚಿಕಿತ್ಸೆಗೆ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕೊಡುವ ವ್ಯವಸ್ಥೆಗೆ, ಹಾಕುವ ಪೂರ್ವಾನುಮತಿ ಅರ್ಜಿಯಲ್ಲಿ ರೋಗಿಯ ಭಾಗವನ್ನು ಅವರ ಕೈಗೆ ಬಿಡದೆ ನೀವೇ ತುಂಬಿ. ನಮ್ಮ ಜಿಲ್ಲೆಯಲ್ಲಿ ಮನೆ ಹೆಸರು ಕಿವಿಗೆ ಬಿದ್ದರೆ ಸಾಕು, ಸಾಲಿನಲ್ಲಿ ನಿಂತವರಿಗೆ ಯಾರ ಮಗಳೆಂದು ತಿಳಿಯುತ್ತದೆ. ಹಾಗಾಗಿ ವಿವರಗಳನ್ನು ಬಾಯಲ್ಲಿ ಹೇಳಿ ಬರೆಸಬಾರದು. ಮುಂಚಿತವಾಗಿ ನಿಗದಿಯಾದ ಚಿಕಿತ್ಸೆಯಾದರೆ ಮೈಸೂರಿಗೆ ಹೋಗುವುದೇ ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ. ಮೊಬೈಲ್ ಸಂಖ್ಯೆಯ ಸಾಲನ್ನು ಎರಡು ಸಲ ಓದಿ ನೋಡಿ. ಹಿಂದೊಮ್ಮೆ ಅದೇ ಆಸ್ಪತ್ರೆಗೆ ಬಂದಿದ್ದರೆ ಕಂಪ್ಯೂಟರಿನಲ್ಲಿ ತಂದೆಯ ಸಂಖ್ಯೆಯೇ ಉಳಿದಿರುತ್ತದೆ. ಅದನ್ನು ತೆಗೆಸಿ ನಿಮ್ಮದನ್ನು ಹಾಕಿಸಿ. ನಗದುರಹಿತ ಕೋರಿಕೆಗೆ 1 ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ವಿಧಿಸಿರುವುದರಿಂದ, ಅರ್ಜಿ ಹೋದ ಮೇಲೆ ತಿದ್ದಲು ಸಮಯ ಸಿಗುವುದಿಲ್ಲ.

ಅದೇ ಅರ್ಜಿಯಲ್ಲಿ ಬೇರೆ ಆರೋಗ್ಯ ವಿಮೆ ಇದೆಯೇ ಎಂಬ ಪ್ರಶ್ನೆಯೂ ಇರುತ್ತದೆ. ಇಲ್ಲವೆಂದು ಬರೆದುಬಿಡಿ ಎಂದು ಸಲಹೆ ಕೊಡುವವರು ಇದ್ದಾರೆ. ಅವರ ಮಾತು ಕೇಳಬೇಡಿ. ಸುಳ್ಳು ಬರೆದರೆ ಕ್ಲೇಮನ್ನೇ ಕಳೆದುಕೊಳ್ಳಬಹುದು. ಇದೆ ಎಂದು ಬರೆದ ಮಾತ್ರಕ್ಕೆ ಆ ಪಾಲಿಸಿಯಲ್ಲಿ ಕ್ಲೇಮ್ ಹಾಕಿದಂತಾಗುವುದಿಲ್ಲ. ಆದರೆ ಬಿಲ್ಲು ಮೊದಲ ಪಾಲಿಸಿಯ ಮೊತ್ತವನ್ನು ಮೀರಿದಾಗ, ಉಳಿದದ್ದನ್ನು ಇನ್ನೊಂದು ವಿಮಾ ಕಂಪನಿಯಿಂದ ಕೊಡಿಸಲು ಮೊದಲ ವಿಮಾ ಕಂಪನಿಯೇ ಹೊಂದಾಣಿಕೆ ಮಾಡುವ ವ್ಯವಸ್ಥೆ ಈಗ ಇದೆ. ಹಣದ ದೃಷ್ಟಿಯಿಂದ ಇದು ಒಳ್ಳೆಯ ನಿಯಮವಾದರೂ, ಆ ಕೋರಿಕೆ ಹೋದ ಕ್ಷಣವೇ ತಂದೆಗೆ ವಿಷಯ ತಿಳಿಯುತ್ತದೆ. ಆದಕಾರಣ, ಉಳಿದ ಮೊತ್ತವನ್ನು ನಾನೇ ಕಟ್ಟುತ್ತೇನೆ, ಎರಡನೆಯ ಪಾಲಿಸಿಯನ್ನು ಬಳಸುವುದು ಬೇಡ ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಕೌಂಟರಿನಲ್ಲಿ ಕೊಟ್ಟು ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ.

ಮೊತ್ತ ದೊಡ್ಡದಾಗಿ ಎರಡನ್ನೂ ಬಳಸುವುದು ಅನಿವಾರ್ಯವಾದರೆ ಗೋಪ್ಯತೆ ಉಳಿಯುತ್ತದೆಂದು ನಂಬಬೇಡಿ. ಮರುಪಾವತಿಯ ಅರ್ಜಿಯಲ್ಲಿ ಕೇಳುವುದು ಪಾಲಿಸಿದಾರರ ಬ್ಯಾಂಕ್ ಖಾತೆಯನ್ನು. ಹಣ ಬರುವುದು ತಂದೆಯ ಖಾತೆಗೆ. ಕ್ಲೇಮ್ ಆದ ವರ್ಷ ಹಲವು ಪಾಲಿಸಿಗಳಲ್ಲಿ, ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಬೋನಸ್ ಕಡಿಮೆಯಾಗುವುದರಿಂದ ನವೀಕರಣದ ಕಾಗದದಲ್ಲೂ ಅದು ಕಾಣುತ್ತದೆ. ಇಂಥ ಸಂದರ್ಭದಲ್ಲಿ ಅರ್ಜಿ ಹೋಗುವ ಮೊದಲೇ, ನಿಮಗೆ ಹೇಳಬೇಕೆನಿಸಿದಷ್ಟನ್ನು ನೀವೇ ಮನೆಗೆ ಫೋನ್ ಮಾಡಿ ಹೇಳಿಬಿಡಿ.

ಮನೋವೈದ್ಯರ ಭೇಟಿ, ಸಣ್ಣ ಪರೀಕ್ಷೆಗಳಂಥ ಖರ್ಚನ್ನು ಕೈಯಿಂದಲೇ ಕೊಡಿ. ಒಳರೋಗಿಯಾಗದ ಚಿಕಿತ್ಸೆಗೆ ಬಹುಪಾಲು ಫ್ಲೋಟರ್ ಪಾಲಿಸಿಗಳು ಹೇಗೂ ಹಣ ಕೊಡುವುದಿಲ್ಲ.

ಡಿಸ್ಚಾರ್ಜ್ ಸಾರಾಂಶವನ್ನು ಊರಿನ ವಿಮಾ ಏಜೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ನಿಮ್ಮ ತಂದೆಯೊಂದಿಗೆ ಕೈಲ್‌ಪೊಳ್ದ್ ಹಬ್ಬಕ್ಕೂ ಪುತ್ತರಿ ಹಬ್ಬಕ್ಕೂ ಕೂತು ಊಟ ಮಾಡುವವರು. ಎದುರಿಗೆ ಕೂತವರು ಕೇಳಿದಾಗ ಮುಚ್ಚಿಡಬೇಕಾದ ಭಾರವನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೂ ಅದನ್ನು ಕೊಡಬೇಕಿಲ್ಲ. ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಸಂಸ್ಥೆಯಾದ ಟಿಪಿಎಗೆ ನೇರವಾಗಿ ಕಳುಹಿಸಿ. ಪತ್ರ ವ್ಯವಹಾರದ ವಿಳಾಸಕ್ಕೆ ತೋಟದ ಮನೆಯ ಬದಲು ನೀವು ವಾಸವಿರುವ ಕೊಠಡಿಯ ವಿಳಾಸ ಕೊಡಿ.

ನಿಮ್ಮ ಆಯ್ಕೆಯ ಪಾಲಿಸಿಯನ್ನು ಒಪ್ಪದೆ ವಿಮಾ ಕಂಪನಿ ಸತಾಯಿಸಿದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ನಂತರ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ಕೊಡಿ. ಕ್ಲೇಮ್ ತಿರಸ್ಕೃತವಾದರೆ ಬೆಂಗಳೂರಿನಲ್ಲಿರುವ, ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅಲ್ಲಿ ಶುಲ್ಕವಿಲ್ಲ.

25 ತುಂಬುವವರೆಗೆ ಕಾಯದೆ, ಫ್ಲೋಟರಿನಿಂದ ಹೊರಬಂದು ಅದೇ ವಿಮಾ ಕಂಪನಿಯಲ್ಲಿ ನಿಮ್ಮ ಹೆಸರಿಗೇ ಪಾಲಿಸಿ ಪಡೆಯುವ ಬಗ್ಗೆ ಮುಂದಿನ ನವೀಕರಣಕ್ಕೆ ಮೊದಲೇ ವಿಚಾರಿಸಿ. ವರ್ಗಾವಣೆಯೆಂದು ಅರ್ಜಿ ಹಾಕಿದರೆ, ಫ್ಲೋಟರಿನಲ್ಲಿ ಈಗಾಗಲೇ ಕಳೆದ ಕಾಯುವ ಅವಧಿ (ಕೆಲವು ಕಾಯಿಲೆಗಳಿಗೆ ವಿಮೆ ಸಿಗುವ ಮೊದಲು ಕಳೆಯಬೇಕಾದ ಸಮಯ) ಹೊಸ ಪಾಲಿಸಿಗೂ ಲೆಕ್ಕಕ್ಕೆ ಬರುತ್ತದೆ; ಹೊಸ ಗ್ರಾಹಕರೆಂದು ಅರ್ಜಿ ಹಾಕಿದರೆ ಬರುವುದಿಲ್ಲ.