ರಕ್ಷಣಾ ದೋಣಿಯ ಸೇವಾ ಚರಿತ್ರೆ ಬರೆಯುವ ಬಗೆ

ರಕ್ಷಣಾ ದೋಣಿಯೊಂದರ ಚರಿತ್ರೆ ಬರೆಯಲು ಕುಳಿತವರು ಮೊದಲು ಹುಡುಕಬೇಕಾದದ್ದು ದೋಣಿಯ ಸಂಖ್ಯೆಯನ್ನು, ಹೆಸರನ್ನಲ್ಲ. ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಕ್ರೋಮರ್ ಪಟ್ಟಣದಲ್ಲಿ 1923ರಿಂದ 1945ರವರೆಗೆ ಎಚ್. ಎಫ್. ಬೇಯ್ಲಿ ಎಂಬ ಹೆಸರು ಹೊತ್ತ ಮೋಟಾರು ದೋಣಿಗಳೇ ನಾಲ್ಕು. ಅದು ದೋಣಿಗಾಗಿ ಹಣ ಬಿಟ್ಟುಹೋದ ಲಂಡನ್ನಿನ ವರ್ತಕರೊಬ್ಬರ ಹೆಸರು. ಅವುಗಳ ಬಳಿಕ ಮಿಲ್ಲಿ ವಾಲ್ಟನ್ ಎಂಬ ಹೆಸರಿನಲ್ಲಿ ಬಂದ ದೋಣಿಯೇ 1948ರಲ್ಲಿ ಹೆನ್ರಿ ಬ್ಲಾಗ್ ಆಯಿತು. ಆದರೆ ಬ್ರಿಟನ್ನಿನ ರಕ್ಷಣಾ ದೋಣಿಗಳನ್ನು ನಡೆಸುವ, 1824ರಲ್ಲಿ ಸ್ಥಾಪನೆಯಾದ ಆರ್‌ಎನ್‌ಎಲ್‌ಐ ಸಂಸ್ಥೆ ಪ್ರತಿ ದೋಣಿಗೂ ಕೊಡುವ ಅಧಿಕೃತ ಸಂಖ್ಯೆ ಬದಲಾಗುವುದಿಲ್ಲ. ನಾನು ಬೆನ್ನುಹತ್ತಿದ್ದು ಆ ನಾಲ್ಕು ಬೇಯ್ಲಿಗಳಲ್ಲಿ ಕೊನೆಯದಾದ 777ನ್ನು: 1935ರಲ್ಲಿ ಕಟ್ಟಿದ, 46 ಅಡಿ ಉದ್ದದ, ಎರಡು ಎಂಜಿನ್‌ಗಳ ವಾಟ್ಸನ್ ಮಾದರಿಯ ದೋಣಿ. ಅದು ಇಂದು ಕ್ರೋಮರ್‌ನ ಹೆನ್ರಿ ಬ್ಲಾಗ್ ವಸ್ತುಸಂಗ್ರಹಾಲಯದಲ್ಲಿದೆ. ಹೋಗಿ ನೋಡಿ.

ಸಂಖ್ಯೆ ಸಿಕ್ಕ ಮೇಲೆ ಲೆಕ್ಕಗಳನ್ನು ಬಿಡಿಸಿಕೊಳ್ಳಿ. ದೋಣಿಯ ಲೆಕ್ಕ ಬೇರೆ, ದೋಣಿ ನಿಲ್ಲುವ ಠಾಣೆಯ ಲೆಕ್ಕ ಬೇರೆ, ದೋಣಿ ನಡೆಸುವ ತಂಡೇಲನ ಲೆಕ್ಕ ಬೇರೆ. ಕ್ರೋಮರ್‌ನ ತಂಡೇಲ ಹೆನ್ರಿ ಬ್ಲಾಗ್ ಏಡಿ ಹಿಡಿಯುವ ಮೀನುಗಾರರು. 1894ರಲ್ಲಿ ರಕ್ಷಣಾ ತಂಡ ಸೇರಿ 1947ರವರೆಗೆ ದುಡಿದರು, 873 ಜೀವ ಉಳಿಸಿದ ಹೆಗ್ಗಳಿಕೆ ಅವರದು. ಆ 873ನ್ನು ಒಂದೇ ದೋಣಿಯ ತಲೆಗೆ ಕಟ್ಟಬೇಡಿ. ಅವರ ಮೂರು ಚಿನ್ನದ ಪದಕಗಳನ್ನೇ ನೋಡಿ. 1917ರ ಫರ್ನೆಬೊ ಹಡಗಿನ ರಕ್ಷಣೆಗೆ ಹೋದದ್ದು ಲೂಯಿಸಾ ಹಾರ್ಟ್‌ವೆಲ್, ಹುಟ್ಟು ಹಾಕಿ ನಡೆಸುತ್ತಿದ್ದ ದೋಣಿ. 1927ರ ಜಾರ್ಜಿಯಾ ಹಡಗಿನ ರಕ್ಷಣೆ ಅದೇ ಬೇಯ್ಲಿ ಹೆಸರಿನ ಹಳೆಯ ದೋಣಿಯದು. 777ಕ್ಕೆ ಸೇರುವುದು 1941ರ ಪದಕ ಮಾತ್ರ.

ಕ್ರೋಮರ್‌ನಲ್ಲಿ 777 ಕಡಲಿಗಿಳಿದದ್ದು ನೂರಕ್ಕೂ ಹೆಚ್ಚು ಸಲ, ಉಳಿಸಿದ ಜೀವಗಳು ನಾನೂರಕ್ಕೂ ಹೆಚ್ಚು. ಭಾಗಿಸಿ ಸರಾಸರಿ ತೆಗೆಯುವ ಆಸೆ ಬರುತ್ತದೆ, ದಯವಿಟ್ಟು ತೆಗೆಯಬೇಡಿ. 1941ರ ಆಗಸ್ಟ್ 6ರಂದು ಹೇಸ್‌ಬರೋ ಮರಳುದಿಣ್ಣೆಗೆ ಯುದ್ಧಕಾಲದ ಆರು ಹಡಗುಗಳು ಒಟ್ಟಿಗೆ ಏರಿ ಕುಳಿತವು. ಆಕ್ಸ್‌ಶಾಟ್ ಎಂಬ ಹಡಗು ಬಹುಪಾಲು ಮುಳುಗಿತ್ತು. ಬ್ಲಾಗ್ ಅದರ ಡೆಕ್ಕಿನ ಮೇಲೆಯೇ ದೋಣಿ ನುಗ್ಗಿಸಿ, ಮೇಲ್ಭಾಗ ಬಿರಿದ ಸಂದಿಗೆ ಮೂತಿ ಸಿಕ್ಕಿಸಿ 16 ಜನರನ್ನು ಎಳೆದುಕೊಂಡರು. ಇಂಥ ಒಂದು ದಿನ ಸರಾಸರಿಯನ್ನೇ ಕೆಡಿಸುತ್ತದೆ. ಜೊತೆಗೆ ಅಂದು ಕ್ರೋಮರ್‌ನ ಎರಡನೆಯ ದೋಣಿ ಹ್ಯಾರಿಯಟ್ ಡಿಕ್ಸನ್ ಕೂಡ ದುಡಿದಿತ್ತು. ಒಂದರ ಪಾಲು ಇನ್ನೊಂದಕ್ಕೆ ಸೇರದಂತೆ ಹಡಗು ಹಡಗಿಗೂ ಪ್ರತ್ಯೇಕ ಸಾಲು ಬರೆಯಿರಿ.

ಏನೂ ಮಾಡಲಾಗದೆ ಮರಳಿದ ದಿನಗಳನ್ನೂ ಬಿಡಬೇಡಿ. ಠಾಣೆಯ ಗೋಡೆಗೆ ಹಾಕಿದ ಹಲಗೆಯಲ್ಲಿ ಸಾಮಾನ್ಯವಾಗಿ ತಾರೀಖು, ಹಡಗಿನ ಹೆಸರು, ಉಳಿದ ಜೀವಗಳ ಸಂಖ್ಯೆ ಇಷ್ಟೇ ಇರುತ್ತದೆ. ಮಲ್ಪೆಯ ಮೀನುಗಾರರ ಮನೆಯಲ್ಲಿ ಬೆಳೆದ ನನಗೆ ಇದು ಸಾಲದು. ಕಾದು ಕುಳಿತ ಮನೆಯವರಿಗೆ ಬರಿಗೈಯಲ್ಲಿ ಬಂದ ದೋಣಿಯೂ ದೊಡ್ಡದೇ. ಅದೇ 1941ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಟ್ರೇಡರ್ ಹಡಗಿನ ಬಳಿ ಹೋದಾಗ ದೊಡ್ಡ ತೆರೆಯೊಂದು 777ನ್ನು ಹೊಡೆದು ಬ್ಲಾಗ್ ಸೇರಿ ಐವರನ್ನು ನೀರಿಗೆ ಎಸೆಯಿತು. ಎಲ್ಲರನ್ನೂ ಮೇಲೆಳೆದುಕೊಂಡರೂ ಸಂಕೇತ ನೀಡುವ ಹೊಣೆಯಿದ್ದವರು ತೀರಿಕೊಂಡರು. ಮರುದಿನ ಬೆಳಗ್ಗೆ ತಂಡ ಮತ್ತೆ ಹೋಗಿ 44 ಜನರನ್ನು ಕರೆತಂದಿತು. ‘44 ಜೀವ’ ಎಂಬ ಒಂದೇ ಸಾಲು ಬರೆದರೆ ಆ ಸೋತ ಮೊದಲ ದಿನವೂ ಆ ಸಾವೂ ಅಳಿಸಿಹೋಗುತ್ತವೆ. ನಾನು ಎರಡು ಸಾಲು ಬರೆಯುತ್ತೇನೆ, ಸತ್ತವರಿಗೆ ಒಂದು ಅಂಕಣವನ್ನೇ ಇಡುತ್ತೇನೆ.

ವಿವರಗಳಿಗೆ ಸಂಸ್ಥೆಯದೇ ಪತ್ರಿಕೆ ‘ದಿ ಲೈಫ್‌ಬೋಟ್’ ಇದೆ. 1852ರಿಂದ ಬರುತ್ತಿರುವ ಅದರ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಘಟನೆಯ ಮರುವರ್ಷದ ಸಂಚಿಕೆಗಳನ್ನೂ ತೆರೆಯಿರಿ, ಯುದ್ಧಕಾಲದ ವರದಿಗಳು ತಡವಾಗಿ ಬಂದಿರಬಹುದು.

ಕ್ರೋಮರ್ ಬಿಟ್ಟಲ್ಲಿಗೆ ಕಡತ ಮುಚ್ಚಬೇಡಿ. 1946ರಲ್ಲಿ 777 ಐರ್ಲೆಂಡಿನ ಹೆಲ್ವಿಕ್ ಹೆಡ್‌ಗೆ ಹೋಗಿ 1960ರವರೆಗೆ ಅಲ್ಲಿತ್ತು, ಆಮೇಲೆ ಮೀಸಲು ದೋಣಿಯಾಯಿತು. ಮೀಸಲು ವರ್ಷಗಳ ಸೇವೆಯನ್ನು ಅದನ್ನು ಎರವಲು ಪಡೆದ ಠಾಣೆಗಳ ದಾಖಲೆಗಳಲ್ಲಿ ಹುಡುಕಿ, ಅಲ್ಲೂ ಸಂಖ್ಯೆಯನ್ನೇ ಹಿಡಿದು.