ವಿದೇಶದ ಎಸ್ಟೇಟ್‌ನಲ್ಲಿ ಮದುವೆಯೇ? ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಕೇಳಿ

ಇಟಲಿಯ ಟಸ್ಕನಿಯ ವಿಲ್ಲಾ, ಫ್ರಾನ್ಸಿನ ಶಾತೋ (ಹಳೆಯ ಅರಮನೆಯಂಥ ಬಂಗಲೆ)... ಫೋಟೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಮೊದಲು ಆ ದೇಶದ ಕಾನೂನು ನೋಡಿ. ಫ್ರಾನ್ಸಿನಲ್ಲಿ ಕಾನೂನಿನ ಪ್ರಕಾರ ಮದುವೆ ಆಗುವುದು ಊರಿನ ಪುರಸಭೆಯಲ್ಲಿ, ಶಾತೋದಲ್ಲಲ್ಲ. ಅದಕ್ಕೂ ಜೋಡಿಯಲ್ಲಿ ಒಬ್ಬರು ಅಥವಾ ಅವರ ಅಪ್ಪ ಅಮ್ಮನಲ್ಲಿ ಒಬ್ಬರು ಅಲ್ಲಿ ಕನಿಷ್ಠ ಒಂದು ತಿಂಗಳಿಂದ ವಾಸವಿರಬೇಕು. ರಿಜಿಸ್ಟರ್ ಮದುವೆ ನಿಮ್ಮ ದೇಶದಲ್ಲೇ ಮುಗಿಸಿ, ಸಮಾರಂಭ ಮಾತ್ರ ಅಲ್ಲಿ ಮಾಡುವುದು ಎಷ್ಟೋ ಸಲೀಸು.

ಆಮೇಲೆ ಮಳೆ. ಬಯಲು ಚೆನ್ನಾಗಿದೆ ಸರಿ, ಮಳೆ ಬಂದರೆ ಎಲ್ಲರೂ ಎಲ್ಲಿ ಕೂರಬೇಕು? ಒಳಗಿನ ಹಾಲ್ ತೋರಿಸಲು ಹೇಳಿ. ನಿಂತರೆ ಹಿಡಿಸುವ ಲೆಕ್ಕ ಬೇಡ, ಮೇಜು ಕುರ್ಚಿ ಹಾಕಿದರೆ ಎಷ್ಟು ಜನ ಅನ್ನುವುದು ಬೇಕು. ಟೆಂಟ್ ಅಂದರೆ ಅದರ ಬಾಡಿಗೆ ಯಾರದು, ಎಷ್ಟು ದಿನ ಮುಂಚೆ ಹೇಳಬೇಕು ಎಂದು ಬರವಣಿಗೆಯಲ್ಲೇ ಪಡೆಯಿರಿ.

ಹಳೆಯ ಕಟ್ಟಡಗಳ ವೈರಿಂಗ್ ಕೂಡ ಹಳೆಯದಿರಬಹುದು. ಅಡುಗೆಯವರ ಓವನ್, ಲೈಟು, ಸ್ಪೀಕರ್ ಒಟ್ಟಿಗೆ ಹಾಕಿದರೆ ಕರೆಂಟ್ ತಡೆಯುತ್ತದಾ? ಜನರೇಟರ್ ಬೇಕಾದರೆ ಖರ್ಚು ಜಾಸ್ತಿ. ಸಂಗೀತ ಎಷ್ಟು ಗಂಟೆಗೆ ನಿಲ್ಲಿಸಬೇಕು ಅನ್ನುವುದನ್ನೂ ಕೇಳಿ.

ದೊಡ್ಡ ಬಸ್ಸು ಗೇಟಿನವರೆಗೆ ಬರುತ್ತದಾ ನೋಡಿ. ಕಿರಿದಾದ ಹಳ್ಳಿ ರಸ್ತೆಯಲ್ಲಿ ಬಸ್ಸು ದೂರವೇ ನಿಂತರೆ, ವಯಸ್ಸಾದವರು ಜಲ್ಲಿಕಲ್ಲಿನ ಮೇಲೆ ನಡೆದು ಬರಬೇಕಾಗುತ್ತದೆ, ಪಾಪ ಅಲ್ವಾ?

ಸಾಧ್ಯವಾದರೆ ಮದುವೆ ನಡೆಯುವ ತಿಂಗಳಲ್ಲೇ, ಸಂಜೆ ಹೊತ್ತು ಒಮ್ಮೆ ಹೋಗಿ ನೋಡಿ. ಆಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಗೇಟಿನಿಂದ ಟಾಯ್ಲೆಟ್‌ವರೆಗೆ ನಡೆದು ತೋರಿಸಲು ಕೇಳಿ.